ಅಡಿಗೆ ಎರಡು ಇಂಚು: ತಾರಸಿ ಮೇಲೊಂದು ಪೇಟೆ ಬೀದಿ

ನನ್ನ ಗೊಂಬೆಯ ಕಣ್ಣು ನೆಲದಿಂದ 10.75 ಇಂಚು ಮೇಲಿದೆ. ಗೊಂಬೆಗಳ ಫೋಟೋ ತೆಗೆಯೋಕೆ ತಾರಸಿ ಮೇಲೆ ಕಟ್ಟಿದ ಈ ಪುಟ್ಟ ಬೀದಿಗೆ ಅಂತ ಬರೆದಿಟ್ಟುಕೊಂಡ ಮೊದಲ ಅಳತೆ ಅದು. ಕ್ಯಾಮೆರಾದ ಲೆನ್ಸೂ ಅಷ್ಟೇ ಎತ್ತರದಲ್ಲಿ ಕೂರಬೇಕು. ಸ್ವಲ್ಪ ಮೇಲಿಂದ ಇಣುಕಿದರೂ ಸಾಕು, ಎಂಥಾ ಕುಸುರಿ ಕೆಲಸದ ಬೀದಿಯೂ ಆಟದ ಸಾಮಾನಾಗಿ ಬಿಡುತ್ತದೆ. ಗೊಂಬೆಯ ಕಣ್ಣಿನ ಮಟ್ಟಕ್ಕೆ ಇಳಿದರೆ ಅದೇ ಬೀದಿ ತುಮಕೂರಿನ ಪೇಟೆ. ಗೋಡೆ ಎಷ್ಟೆತ್ತರ ಬೇಕು, ಯಾವ ಗೋಡೆಗೆ ಬಣ್ಣ ಬೇಕು, ಯಾವುದಕ್ಕೆ ಬೇಡ, ರಸ್ತೆ ಎಲ್ಲಿ ತಿರುಗಬೇಕು ಅನ್ನೋದನ್ನೆಲ್ಲ ಆ ಒಂದು ಜಾಗದಿಂದ ನೋಡಿಯೇ ತೀರ್ಮಾನ ಮಾಡಿದೆ.

ಹನ್ನೊಂದೂವರೆ ಇಂಚಿನ ಫ್ಯಾಷನ್ ಗೊಂಬೆಗಳ ಅಳತೆಯನ್ನು 1:6 ಅಂತಾರೆ, ಅಂದರೆ ನಿಜದ ಆರನೇ ಒಂದು ಪಾಲು. 1959ರಲ್ಲಿ ಬಂದ ಬಾರ್ಬಿಯದ್ದು ಇದೇ ಎತ್ತರ. ಈ ಲೆಕ್ಕದಲ್ಲಿ ಅವಳು 5 ಅಡಿ 9 ಇಂಚಿನ ಹೆಂಗಸು. ಡಾಲ್‌ಹೌಸ್ ಮಾಡುವವರು ಸಾಮಾನ್ಯವಾಗಿ 1:12ರಲ್ಲಿ ಕೆಲಸ ಮಾಡುತ್ತಾರೆ, ಅಂದರೆ ಅಡಿಗೆ ಒಂದು ಇಂಚು. ನಮ್ಮದು ಅಡಿಗೆ ಎರಡು ಇಂಚು. ಮೀಟರು, ಸೆಂಟಿಮೀಟರಿನ ಗೊಡವೆಗೆ ಹೋಗಲೇ ಬೇಡಿ. ಪ್ಲೈವುಡ್ ಅಂಗಡಿಯವರೂ ಆಚಾರ್ರೂ ಮಾತಾಡೋದು ಅಡಿ, ಇಂಚಿನಲ್ಲೇ. 7 ಅಡಿ ಬಾಗಿಲು 14 ಇಂಚು ಆಗುತ್ತೆ. 8 ಅಡಿ ಅಂಗಡಿ 16 ಇಂಚು. 12 ಅಡಿ ರಸ್ತೆಗೆ 2 ಅಡಿ.

ಕೇಳೋಕೆ ಸಣ್ಣದು ಅನ್ಸುತ್ತೆ, ಅಲ್ವಾ? ಆದರೆ 1:6 ಜಾಗ ತಿನ್ನುವ ಅಳತೆ. ಎರಡು ಅಡಿ ರಸ್ತೆ, ಎಡಬಲಕ್ಕೆ ಒಂದೊಂದು ಅಡಿ ಆಳದ ಅಂಗಡಿ ಅಂದರೆ ಅಲ್ಲಿಗೇ ನಾಲ್ಕು ಅಡಿ ಅಗಲ. 8×4ರ ಒಂದು ಪ್ಲೈ ಹಾಳೆ ಪೂರ್ತಿ ಬಳಸಿದರೂ ಸಿಗೋದು 48 ಅಡಿ ಉದ್ದದ ಬೀದಿ. ಅಷ್ಟು ದೂರವನ್ನು ನಿಜವಾದ ಪೇಟೆಯಲ್ಲಿ ಐದಾರು ಅಂಗಡಿ ದಾಟುವಷ್ಟರಲ್ಲಿ ನಡೆದಿರುತ್ತೇವೆ. ಉಳಿದ ಉದ್ದವನ್ನು ಕಣ್ಣಿಗೆ ಮೋಸ ಮಾಡಿಯೇ ಗಿಟ್ಟಿಸಬೇಕು. ಆ ವಿಷಯ ಮುಂದೆ ಬರುತ್ತೆ.

ಯಾವ ಬೀದಿ ಅಂತ ಕೇಳಿದರೆ ಒಂದೇ ಹೆಸರು ಹೇಳೋಕಾಗಲ್ಲ. ಹಲಗೆ ಬಾಗಿಲಿನ ಕೊಬ್ಬರಿ ಅಂಗಡಿ ಮಂಡಿಪೇಟೆಯ ನೆನಪಿನದು. ಹೆಂಚಿನ ಮಾಡು, ಜಗಲಿ ಚಿಕ್ಕಪೇಟೆ ಕಡೆಯವು. ತಟ್ಟೆ ಇಡ್ಲಿ ಹೋಟೆಲ್ ಎಲ್ಲಿಂದ ಬಂತು ಅಂತ ತುಮಕೂರಿನವರಿಗೆ ಹೇಳಬೇಕಾಗಿಲ್ಲ, ಕ್ಯಾತ್ಸಂದ್ರ. ರೋಲಿಂಗ್ ಷಟರ್ ಅಂಗಡಿ ಎಲ್ಲ ಊರಲ್ಲೂ ಇರುತ್ತೆ. ಅಳತೆ ತಗೊಳ್ಳೋಕೆ ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಹೋಗಬೇಕು. ಟೇಪು ಹಿಡಿದು ಒಂದು ಬಾಗಿಲ ಮುಂದೆ ನಿಂತಿದ್ದೆ. ಒಬ್ಬರು ಬಂದು, "ಏನಮ್ಮ, ಕಾರ್ಪೊರೇಷನ್ನೋರಾ? ರೋಡ್ ಅಗಲ ಮಾಡ್ತಾರಾ?" ಅಂತ ಗಾಬರಿಯಿಂದ ಕೇಳಿದರು. ಗೊಂಬೆಗೆ ಅಂಗಡಿ ಕಟ್ತಿದ್ದೀನಿ ಅಂದ ಮೇಲೆ ಟೇಪಿನ ಇನ್ನೊಂದು ತುದಿ ಅವರೇ ಹಿಡಿದುಕೊಂಡರು.

ಬುನಾದಿ

12 ಎಂಎಂ ಪ್ಲೈ ಹಾಳೆ ಸುಮಾರು 20 ಕೆಜಿ ತೂಗುತ್ತೆ. ಇದನ್ನು ಮೆಟ್ಟಿಲು ಹತ್ತಿಸಿ ತಾರಸಿಗೆ ಒಯ್ಯಬೇಕು, ಸಂಜೆ ಇಳಿಸಬೇಕು. ಅದಕ್ಕೆ 6 ಎಂಎಂ ಪ್ಲೈ ತಗೊಂಡು ಕೆಳಗೆ ರೀಪರಿನ ಚೌಕಟ್ಟು ಹೊಡೆಸಿದೆ. ಹಾಳೆಯನ್ನು ನಾಲ್ಕು ತುಂಡು ಮಾಡಿಸಿದೆ. ಪ್ರತಿ ತುಂಡೂ 4 ಅಡಿ ಅಗಲ, 2 ಅಡಿ ಉದ್ದ. ಚೌಕಟ್ಟಿಗೆ ತೂತು ಹೊಡೆದು ಬೋಲ್ಟ್ ಹಾಕಿ ಜೋಡಿಸೋದು. ಪಾನಾ ಇಲ್ಲದೆ ಕೈಯಲ್ಲೇ ತಿರುಗಿಸುವ, ರೆಕ್ಕೆ ಇರುವ ನಟ್ಟು ಸಿಗುತ್ತೆ. ಅದನ್ನೇ ಹಾಕಿ.

ಕಟ್ಟಡಗಳನ್ನು ನಾಲ್ಕೂ ಕಡೆ ಗೋಡೆ ಇಟ್ಟು ಬರೆದುಕೊಂಡು ಹೋಗಿದ್ದೆ. ಆಚಾರ್ರು ಚೀಟಿ ನೋಡಿದರು.

"ಇದರೊಳಗೆ ಯಾರಮ್ಮ ಇರೋದು?"

"ಯಾರೂ ಇಲ್ಲ ಆಚಾರ್ರೇ. ಫೋಟೋ ತೆಗೆಯೋಕೆ."

"ಹಂಗಾದ್ರೆ ಹಿಂದ್ಗಡೆ ಗೋಡೆ ಯಾಕೆ? ಸುಮ್ನೆ ದುಡ್ಡು ದಂಡ."

ಒಂದು ಮಾತಿಗೆ ಅರ್ಧ ಸಾಮಾನು ಉಳಿಯಿತು. ಹಿಂದಿನ ಗೋಡೆ ಹೋಯಿತು, ಒಳಗಿನ ಕೋಣೆ ಹೋಯಿತು. ಕೊಬ್ಬರಿ ಅಂಗಡಿಗೂ ಹೋಟೆಲ್ಲಿಗೂ ಮಾತ್ರ ಬಾಗಿಲಿಂದ ಆರು ಇಂಚು ಒಳಗೆ ಕಾಣುತ್ತೆ. ಅಲ್ಲಿಂದಾಚೆ ಕಪ್ಪು ಬಟ್ಟೆ. ಬಿಸಿಲಿನ ಬೀದಿಯಿಂದ ಅಂಗಡಿ ಒಳಗೆ ನೋಡಿದರೆ ನಿಜದಲ್ಲೂ ಕತ್ತಲೆಯೇ ಕಾಣೋದು. ಹಿಂದೆ ಗೋಡೆ ಇಲ್ಲದ್ದರಿಂದ ಕೈ ತೂರಿಸಿ ಸಾಮಾನು ಜೋಡಿಸಬಹುದು, ಬೇಕಾದರೆ ಒಂದು ಬಲ್ಬು ಇಡಬಹುದು.

ನಾಲ್ಕು ತುಂಡು ಅಂದರೆ ರಸ್ತೆಗೆ ಅಡ್ಡಲಾಗಿ ಮೂರು ಬಿರುಕು. ಅವನ್ನು ಪುಟ್ಟಿ ಹಾಕಿ ಮುಚ್ಚಿದರೆ ಪ್ರತಿ ಸಲ ಬಿಚ್ಚುವಾಗ ಒಡೆಯುತ್ತೆ. ಬಿರುಕು ಇರೋಕೆ ಒಂದು ಕಾರಣ ಕೊಟ್ಟುಬಿಟ್ಟರೆ ಮುಚ್ಚುವ ಕೆಲಸವೇ ಇಲ್ಲ. ಮೊದಲನೇದರ ಮೇಲೆ ಒಂದು ಹಂಪ್ ಕೂರಿಸಿದೆ. ನಮ್ಮೂರಲ್ಲಿ ಹಂಪ್‌ಗೇನು ಬರವೇ? ಎರಡನೇದು ಪೈಪ್ ಹಾಕೋಕೆ ರಸ್ತೆ ಅಗೆದು ಮುಚ್ಚಿದ ಪಟ್ಟಿ ಆಯಿತು. ಆ ಪಟ್ಟಿಯ ಬಣ್ಣ ಸ್ವಲ್ಪ ಬೇರೆ, ಮೇಲ್ಮೈ ಸ್ವಲ್ಪ ಉಬ್ಬು. ನೋಡಿದವರೆಲ್ಲ ಮೊದಲು ಗುರುತು ಹಿಡಿದು ನಗೋದು ಅದನ್ನೇ. ಮೂರನೇ ಬಿರುಕಿನ ಹತ್ತಿರ ರಸ್ತೆ ಏರೋಕೆ ಶುರುವಾಗುತ್ತೆ.

ಏರು ರಸ್ತೆ

ಕೊನೆಯ ಎರಡು ಅಡಿಯಲ್ಲಿ ಬೀದಿ ದೂರದವರೆಗೆ ಹೋದ ಹಾಗೆ ಕಾಣಬೇಕು. ಅದಕ್ಕೆ ಹಿಂದಿನ ಕಟ್ಟಡಗಳನ್ನು ಸಣ್ಣ ಮಾಡುತ್ತಾ ಹೋಗಬೇಕು. ಮುಂದೆ 1:6, ನಡುವೆ 1:9, ಕೊನೆಗೆ 1:12. ಇಷ್ಟು ಎಲ್ಲರಿಗೂ ಹೊಳೆಯುತ್ತೆ. ಆದರೆ ಸಣ್ಣ ಮಾಡಿ ಅದೇ ಸಮತಟ್ಟು ನೆಲದ ಮೇಲಿಟ್ಟರೆ ಅದು ದೂರದ ಅಂಗಡಿ ಆಗಲ್ಲ, ಹತ್ತಿರದ ಗುಡಿಸಲು ಆಗುತ್ತೆ.

ಕಾರಣ ಹೀಗಿದೆ. ನೀವು ಬೀದಿಯಲ್ಲಿ ನಿಂತಾಗ ನಿಮ್ಮಷ್ಟೇ ಎತ್ತರದವರು ಹತ್ತಿರ ಇರಲಿ, ದೂರ ಇರಲಿ, ಅವರ ಕಣ್ಣು ನಿಮ್ಮ ಕಣ್ಣಿನ ಮಟ್ಟದಲ್ಲೇ ಕಾಣುತ್ತೆ. ದೂರ ಹೋದ ಹಾಗೆ ಕಾಲು ಮೇಲೆ ಬರುತ್ತೆ, ತಲೆ ಅಲ್ಲೇ ಇರುತ್ತೆ. ಜನರ ನಡುವೆ ನಿಂತು ತೆಗೆದ ಜಾತ್ರೆ ಗುಂಪಿನ ಯಾವ ಫೋಟೋ ಬೇಕಾದರೂ ತೆಗೆದು ನೋಡಿ, ತಲೆಗಳೆಲ್ಲ ಒಂದೇ ಗೆರೆ. ನನ್ನ ಗೆರೆ 10.75 ಇಂಚಿನಲ್ಲಿದೆ. 1:12ರ ಮನುಷ್ಯನ ಕಣ್ಣು ಅದರ ಅರ್ಧ, ಅಂದರೆ 5.4 ಇಂಚಿನಲ್ಲಿ ಬರುತ್ತೆ. ಅವನ ಕಣ್ಣನ್ನು ಗೆರೆಗೆ ತರಬೇಕಾದರೆ ಅವನು ನಿಂತ ನೆಲವನ್ನೇ 5.4 ಇಂಚು ಎತ್ತಬೇಕು. 1:9ರಲ್ಲಿ ಕಣ್ಣು 7.2 ಇಂಚು, ಅಲ್ಲಿಗೆ 3.6 ಇಂಚು ಏರಿಸಬೇಕು. ಹಾಗಾಗಿ ಕೊನೆಯ ತುಂಡಿನ ಕೆಳಗೆ ಓರೆ ಚೌಕಟ್ಟು ಬಂತು. ಎರಡು ಅಡಿಯಲ್ಲಿ ಐದೂವರೆ ಇಂಚು ಏರುತ್ತೆ. ಪಕ್ಕದಿಂದ ನೋಡಿದರೆ ಜಾರುಬಂಡೆ, ಲೆನ್ಸಿನಿಂದ ನೋಡಿದರೆ ಸಮತಟ್ಟು ರಸ್ತೆ.

ಇದಕ್ಕೆ ಒಂದು ಕಟ್ಟುಪಾಡಿದೆ. ಕ್ಯಾಮೆರಾ ಒಂದೇ ಜಾಗದಲ್ಲಿ ಇರಬೇಕು. ಒಂದು ಗೇಣು ಪಕ್ಕಕ್ಕೆ ಸರಿದರೂ ಹಿಂದಿನ ಅಂಗಡಿಗಳು ಸೊಟ್ಟ ಆಗುತ್ತವೆ. ಬೇರೆ ಕೋನದಿಂದ ತೆಗೆಯುವಾಗ ಕೊನೆಯ ತುಂಡನ್ನು ಬಿಚ್ಚಿ ಪಕ್ಕಕ್ಕಿಡುತ್ತೇನೆ. ದೊಡ್ಡ ಗೊಂಬೆಗಳಿಗೆ ಆ ಏರಿನ ಮೇಲೆ ಪ್ರವೇಶ ಇಲ್ಲ. ಅಲ್ಲಿ ಆರು ಇಂಚಿನ ಮಕ್ಕಳ ಗೊಂಬೆಗಳಿಗೆ ಪಂಚೆ, ಸೀರೆ ಉಡಿಸಿ ಬೆನ್ನು ತಿರುಗಿಸಿ ನಿಲ್ಲಿಸಿದರೆ ದೂರದಲ್ಲಿ ಹೋಗುತ್ತಿರುವ ದೊಡ್ಡವರಾಗುತ್ತಾರೆ. ಮುಖ ಮಾತ್ರ ಕಾಣಬಾರದು. ತಲೆ ದಪ್ಪ, ಮಗುವಿನ ಮುಖ, ತಕ್ಷಣ ಗೊತ್ತಾಗುತ್ತೆ.

ಬೀದಿಯ ತುದಿಯನ್ನು ಎಡಕ್ಕೆ ಸ್ವಲ್ಪ ತಿರುಗಿಸಿದೆ. ನೇರ ಬೀದಿಗೆ ಕೊನೆಯಲ್ಲಿ ಏನಾದರೂ ತೋರಿಸಲೇಬೇಕು. ತಿರುವಿನ ಬೀದಿಗೆ ಒಂದು ಗೋಡೆ ಸಾಕು. ಆ ಗೋಡೆಯ ಮೇಲ್ಗಡೆ ದೇವರಾಯನದುರ್ಗದ ಬೆಟ್ಟದ ಸಾಲಿನ ಪ್ರಿಂಟ್ ಒಂದನ್ನು ನಿಲ್ಲಿಸಿದ್ದೀನಿ. ಮಿರುಗುವ ಫ್ಲೆಕ್ಸ್ ಬೇಡ, ಮ್ಯಾಟ್ ಹಾಳೆಯಲ್ಲಿ ಮಾಡಿಸಿ. ಫೋಟೋವನ್ನು ಮೊದಲೇ ಸ್ವಲ್ಪ ಮಸುಕು ಮಾಡಿಸಿದರೆ ಒಳ್ಳೇದು. ಆಕಾಶವನ್ನು ಪ್ರಿಂಟ್ ಮಾಡಿಸಲಿಲ್ಲ. ತಾರಸಿ ಮೇಲೆ ನಿಜವಾದದ್ದೇ ಇದೆಯಲ್ಲ.

ದಪ್ಪ ಗೋಡೆ

ಮಿನಿಯೇಚರ್ ಕಟ್ಟಡ ಎಲ್ಲಿ ಸಿಕ್ಕಿಬೀಳುತ್ತೆ ಅಂತ ಕೇಳಿದರೆ ನಾನು ಬಾಗಿಲಿನ ಅಂಚು ಅಂತೀನಿ. ಫ್ಲೆಕ್ಸ್ ಅಂಗಡಿಗಳಲ್ಲಿ ಸಿಗುವ 5 ಎಂಎಂ ಸನ್‌ಬೋರ್ಡ್ (ಗಟ್ಟಿ ಫೋಮ್ ಪ್ಲಾಸ್ಟಿಕ್ ಹಾಳೆ) ಹಗುರ, ಕಟರ್ ಬ್ಲೇಡಿನಲ್ಲಿ ಸಲೀಸಾಗಿ ಕತ್ತರಿಸುತ್ತೆ, ನೀರಿಗೆ ಉಬ್ಬಲ್ಲ. ಎಲ್ಲ ಸರಿ. ಆದರೆ ಅದರಲ್ಲಿ ಬಾಗಿಲು ಕೊರೆದರೆ ಗೋಡೆಯ ದಪ್ಪ ನಿಜದ ಲೆಕ್ಕದಲ್ಲಿ 3 ಸೆಂ.ಮೀ. ಅಷ್ಟು ತೆಳು ಗೋಡೆಯ ಮನೆ ಎಲ್ಲಿದೆ? ಇಟ್ಟಿಗೆ ಗೋಡೆ 9 ಇಂಚು, ಹಳೇ ಮಣ್ಣಿನ ಗೋಡೆ ಒಂದೂವರೆ ಅಡಿವರೆಗೂ ಇರುತ್ತೆ. ನಮ್ಮ ಅಳತೆಯಲ್ಲಿ ಒಂದೂವರೆ ಇಂಚಿನಿಂದ ಮೂರು ಇಂಚು.

ಅದಕ್ಕೆ ಎರಡು ಸನ್‌ಬೋರ್ಡ್, ನಡುವೆ ಒಂದು ಇಂಚಿನ ಥರ್ಮಾಕೋಲ್. ಕಿಟಕಿ, ಬಾಗಿಲಿನ ಒಳಬದಿಗೆ ಸನ್‌ಬೋರ್ಡ್ ಪಟ್ಟಿ ಮುಚ್ಚಿದರೆ ಭರ್ತಿ ಗೋಡೆ. ಅಂಟಿನ ವಿಷಯದಲ್ಲಿ ಎಚ್ಚರ ಇರಲಿ. ಸೋಫಾ, ಚಪ್ಪಲಿಗೆ ಹಾಕುವ ರಬ್ಬರ್ ಅಂಟು ಥರ್ಮಾಕೋಲನ್ನು ಕರಗಿಸುತ್ತೆ. ಸ್ಪ್ರೇ ಪೇಂಟೂ ಹಾಗೇ. ಫೆವಿಕಾಲ್ ಕರಗಿಸಲ್ಲ, ಆದರೆ ಎರಡೂ ಕಡೆ ಗಾಳಿ ಆಡದ ಹಾಳೆ ಇರೋದರಿಂದ ಒಣಗೋದೇ ಇಲ್ಲ. ಎರಡು ಬದಿ ಅಂಟುವ ಫೋಮ್ ಟೇಪು ಹಾಕಿದರೆ ತಂಟೆ ಇಲ್ಲ. ಸನ್‌ಬೋರ್ಡಿಗೆ ಸನ್‌ಬೋರ್ಡ್ ಅಂಟಿಸೋಕೆ ಫೆವಿಕ್ವಿಕ್.

ಮೇಲೆ ವಾಲ್ ಪುಟ್ಟಿ. ಮೊದಲು ಬೋರ್ಡನ್ನು ಸ್ಯಾಂಡ್ ಪೇಪರಿನಿಂದ ಚೆನ್ನಾಗಿ ಒರಟು ಮಾಡಬೇಕು, ನುಣುಪು ಪ್ಲಾಸ್ಟಿಕ್ ಮೇಲೆ ಪುಟ್ಟಿ ಚಕ್ಕೆ ಚಕ್ಕೆಯಾಗಿ ಎದ್ದು ಬರುತ್ತೆ. ಕಲಸುವ ನೀರಿಗೆ ಸ್ವಲ್ಪ ಫೆವಿಕಾಲ್ ಬೆರೆಸಿದರೆ ಬೋರ್ಡ್ ಬಾಗಿದರೂ ಬೇಗ ಬಿರುಕು ಬಿಡಲ್ಲ. ಹಳೇ ಎಟಿಎಂ ಕಾರ್ಡಿನಲ್ಲಿ ತೆಳ್ಳಗೆ ಎಳೆಯಿರಿ. ಮೂಲೆಗಳನ್ನೆಲ್ಲ ತಿಕ್ಕಿ ಮೊಂಡ ಮಾಡಿ. ಪೇಟೆಯ ಯಾವ ಮೂಲೆಯೂ ಚೂಪಾಗಿ ಉಳಿದಿರಲ್ಲ. ಗಾಡಿ ತಾಗಿರುತ್ತೆ, ಮೂಟೆ ಉಜ್ಜಿರುತ್ತೆ, ಜನ ಒರಗಿರುತ್ತಾರೆ. ಬ್ಲೇಡು ಬಿಟ್ಟ ಅಂಚು ಫೋಟೋದಲ್ಲಿ ಬ್ಲೇಡಿನ ಅಂಚಾಗಿಯೇ ಕಾಣುತ್ತೆ.

ಬಣ್ಣಕ್ಕೆ ಡಿಸ್ಟೆಂಪರ್ ಮತ್ತು ಸ್ಟೇನರ್. ಒಂದು ಮನೆಗೆ ನೀಲಿ ಸುಣ್ಣದ ಬಣ್ಣ ಬೇಕಿತ್ತು. ಮೊದಲು ಹಳದಿ, ಅದರ ಮೇಲೆ ತಿಳಿ ಹಸಿರು, ಕೊನೆಗೆ ನೀಲಿ. ಆಮೇಲೆ ಒದ್ದೆ ಬಟ್ಟೆಯಲ್ಲಿ ಅಲ್ಲಲ್ಲಿ ಉಜ್ಜಿದರೆ ಕೆಳಗಿನ ಪದರ ಇಣುಕುತ್ತೆ. ವರ್ಷ ವರ್ಷ ಹಬ್ಬಕ್ಕೆ ಸುಣ್ಣ ಹೊಡೆಸಿದ ಗೋಡೆ ಇರೋದೇ ಹೀಗೆ. ಎಲ್ಲ ಬಣ್ಣಕ್ಕೂ ಒಂದಿಷ್ಟು ಬಿಳಿ ಬೆರೆಸಿದ್ದೇನೆ. ದೂರದ ಗೋಡೆ ನಮಗೆ ಗಾಳಿ, ಧೂಳಿನ ಮೂಲಕ ಕಾಣುತ್ತೆ, ಅದಕ್ಕೆ ಸ್ವಲ್ಪ ಪೇಲವ. ಡಬ್ಬಿಯ ಬಣ್ಣವನ್ನು ಹಾಗೇ ಬಳಿದರೆ ಗೋಡೆ ತೀರಾ ಹತ್ತಿರ ಬಂದು ಕೂರುತ್ತೆ. ಹಿಂದಿನ 1:12ರ ಅಂಗಡಿಗಳಿಗೆ ಬಿಳಿ ಇನ್ನೂ ಜಾಸ್ತಿ.

ಹೆಂಚಿನ ಲೆಕ್ಕ

ಮಂಗಳೂರು ಹೆಂಚು ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಶುರು ಮಾಡಿದ ಕಾರ್ಖಾನೆಯಿಂದ ಬಂದದ್ದು. ನಮ್ಮ ಬಯಲುಸೀಮೆಯ ಪೇಟೆಗೂ ಅದೇ ಸೂರು. ನಿಜದ ಮಾಡಿಗೆ ಚದರ ಮೀಟರಿಗೆ 15ರ ಆಸುಪಾಸು ಹೆಂಚು ಬೇಕು. ಅಳತೆ ಆರು ಪಟ್ಟು ಇಳಿದರೆ ಎಣಿಕೆ 36 ಪಟ್ಟು ಏರುತ್ತೆ, ಅಂದರೆ 540. ನಾಲ್ಕು ಅಡಿ ಉದ್ದ, ಒಂದು ಅಡಿ ಆಳದ ಮಾಡಿಗೆ ಸುಮಾರು 200 ಹೆಂಚು. ಎಂ-ಸೀಲ್‌ನಲ್ಲಿ ಒಂದು ಹೆಂಚು ಕೆತ್ತಿ, ಅದರಿಂದ ಸಿಲಿಕೋನ್ ಅಚ್ಚು ತೆಗೆದು, ಪಿಒಪಿ ಹುಯ್ದೆ. ಪ್ರತಿ ಹೆಂಚೂ 7 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲ. ಕೆಮ್ಮಣ್ಣಿನ ಬಣ್ಣ ಕಲಸುವಾಗ ಒಂದೇ ಸಲ ಪೂರ್ತಿ ಕಲಸಬೇಡಿ. ನಾಲ್ಕೈದು ಬಟ್ಟಲಲ್ಲಿ ಬೇರೆ ಬೇರೆ ಕಲಸಿದರೆ ಹೆಂಚಿನಿಂದ ಹೆಂಚಿಗೆ ಬಣ್ಣ ಸ್ವಲ್ಪ ಬದಲಾಗುತ್ತೆ.

ಎರಡು ಕಡೆ ಅಂಗಡಿ ಇದ್ದರೆ 400 ಹೆಂಚು ಬೇಕಲ್ವಾ? ಬೇಡ. ಇಲ್ಲಿ ಮತ್ತೆ ಕ್ಯಾಮೆರಾದ ಕಣ್ಣಿಂದ ನೋಡಬೇಕು. ಸೂರಿನ ಅಂಚು ನೆಲದಿಂದ 18 ಇಂಚು ಮೇಲಿದೆ, ಮಾಡಿನ ಇಳಿಜಾರು 30 ಡಿಗ್ರಿ. ನಡುಬೀದಿಯಲ್ಲಿ 10.75 ಇಂಚಿನಲ್ಲಿ ಕೂತ ಲೆನ್ಸಿಗೆ ಮಾಡಿನ ಮೇಲ್ಮೈ ಕಾಣೋದೇ ಇಲ್ಲ. ಸೂರಿನ ತುದಿ, ಕೆಳಗಿನ ರೀಪರು, ಹೆಂಚಿನ ತಳ ಅಷ್ಟೇ ಕಾಣುತ್ತೆ. ಬಲಗಡೆ ಜಗಲಿಯ ಹತ್ತಿರಕ್ಕೆ ಸರಿದರೆ ಎಡಗಡೆಯ ಹೆಂಚು ಕಾಣುತ್ತೆ. ನಾಳೆ ನಿಮ್ಮ ಬೀದಿಯಲ್ಲಿ ನಡೆಯುವಾಗ ತಲೆ ಎತ್ತಿ ನೋಡಿ, ಹೀಗೇ ಇರುತ್ತೆ. ನನ್ನ ಫೋಟೋಗಳೆಲ್ಲ ನಡುವಿನಿಂದ ಇಲ್ಲವೇ ಬಲಗಡೆಯಿಂದ. ಅದಕ್ಕೆ ಎಡಗಡೆ ಮಾತ್ರ ಪೂರ್ತಿ ಹೆಂಚು. ಬಲಗಡೆ ಅಂಚಿನ ಒಂದು ಸಾಲು, ಮೇಲೆ ಬರೀ ಕಾರ್ಡ್‌ಬೋರ್ಡ್. ಮಿಕ್ಕ ಹೊತ್ತನ್ನು ಸೂರಿನ ತಳಕ್ಕೆ ಹಾಕಿದೆ. ಹೊಗೆ ಹಿಡಿದ ಕಪ್ಪು, ಜೇಡರ ಬಲೆಗೆ ಹತ್ತಿ ಎಳೆ, ಒಂದು ಸೊಟ್ಟ ರೀಪರು.

ಅಂಗಡಿ ಸಾಮಾನು

ಹಲಗೆ ಬಾಗಿಲಿಗೆ ಐಸ್‌ಕ್ರೀಮ್ ಕಡ್ಡಿ ಬಳಸಬಹುದು, ಆದರೆ ಹಲಗೆ ತೀರಾ ಕಿರಿದಾಗುತ್ತೆ. ಹಣ್ಣಿನ ಪೆಟ್ಟಿಗೆಯ ತೆಳು ಮರ ಸೀಳಿಕೊಂಡೆ. ಒಂದೊಂದು ಹಲಗೆ ಒಂದೂವರೆ ಇಂಚು ಅಗಲ. ತಂತಿ ಬ್ರಷ್ಷಿನಿಂದ ಉಜ್ಜಿ, ನೀರು ಮಾಡಿದ ಕಪ್ಪು ಬಣ್ಣ ಬಳಿದು ಒರೆಸಿದರೆ ಗೆರೆ ಎದ್ದು ಬರುತ್ತೆ. ರಾತ್ರಿ ಮುಚ್ಚುವಾಗ ಯಾವ ಹಲಗೆ ಯಾವ ಜಾಗಕ್ಕೆ ಅಂತ ಗೊತ್ತಾಗೋಕೆ ಹಲಗೆ ಮೇಲೆ ಅಂಕಿ ಬರೆದಿರುತ್ತಾರಲ್ಲ, ಅದನ್ನೂ ಕನ್ನಡ ಅಂಕಿಯಲ್ಲಿ ಬರೆದೆ. ಐಸ್‌ಕ್ರೀಮ್ ಕಡ್ಡಿ ವ್ಯರ್ಥ ಆಗಲಿಲ್ಲ. ರೋಲಿಂಗ್ ಷಟರಿನ ಪಟ್ಟಿಗೆ ಅವು ಹೇಳಿ ಮಾಡಿಸಿದ ಅಗಲ. ಒಂದರ ಮೇಲೊಂದು ಸ್ವಲ್ಪ ಏರಿಸಿ ಅಂಟಿಸಿ, ಅಲ್ಯೂಮಿನಿಯಂ ಪೇಂಟ್ ಹೊಡೆದು, ಕೆಳಗಿನ ಒಂದು ಗೇಣಿಗೆ ತುಕ್ಕಿನ ಬಣ್ಣ.

ಕೊಬ್ಬರಿ ಅಂಗಡಿ ನನಗೆ ತುಂಬಾ ಇಷ್ಟದ ಭಾಗ. ತಿಪಟೂರು ನಮ್ಮ ಜಿಲ್ಲೆಯಲ್ಲಿರುವಾಗ ಮೂಟೆ ತುಂಬ ಕೊಬ್ಬರಿ ಇಲ್ಲದೆ ಪೇಟೆ ಹೇಗಾಗುತ್ತೆ? ಉಂಡೆ ಕೊಬ್ಬರಿ ಒಂದಕ್ಕೆ ಮೂರು ಮೂರೂವರೆ ಇಂಚು ಗಾತ್ರ. 1:6ರಲ್ಲಿ ಅರ್ಧ ಇಂಚಿಗೆ ಸ್ವಲ್ಪ ಮೇಲೆ. ಮಣಿ, ಮೆಣಸು, ಕಡಲೆ ಎಲ್ಲ ಸುರಿದು ನೋಡಿ ಕೊನೆಗೆ ಅಂಟುವಾಳ ಕಾಯಿಗೆ ಬಂದು ನಿಂತೆ. ಕಂದು ಬಣ್ಣ, ಸುಕ್ಕು ಸಿಪ್ಪೆ, ಒಂದು ದೊಡ್ಡದು ಒಂದು ಚಿಕ್ಕದು. ಹೊಳಪು ಮಾತ್ರ ಜಾಸ್ತಿ. ಬೂದಿಯಲ್ಲಿ ಹೊರಳಾಡಿಸಿ ಒರೆಸಿದರೆ ಅದೂ ಹೋಗುತ್ತೆ. ಗೋಣಿಚೀಲಕ್ಕೆ ನಿಜವಾದ ಗೋಣಿ ಆಗಲ್ಲ. ಅದರ ಎಳೆ ಗೊಂಬೆಯ ಬೆರಳಿಗಿಂತ ದಪ್ಪ. ಕೋರಾ ಬಟ್ಟೆಯನ್ನು ಚಹಾ ಡಿಕಾಕ್ಷನ್‌ನಲ್ಲಿ ನೆನೆಸಿ ಒಣಗಿಸಿ ಹೊಲಿದೆ. ಚೀಲದ ತುಂಬ ಅಂಟುವಾಳ ಹಾಕಬೇಡಿ, ಮುಕ್ಕಾಲು ಭಾಗ ಮರಳು, ಮೇಲೆ ಒಂದು ಪದರ ಕಾಯಿ. ಮರಳಿನ ತೂಕಕ್ಕೆ ಚೀಲ ಕೆಳಗೆ ಉಬ್ಬಿ ಕೂರುತ್ತೆ. ಹತ್ತಿ ತುಂಬಿದರೆ ದಿಂಬು.

ಗಲ್ಲಾಪೆಟ್ಟಿಗೆ ಹಿಂದೆ ಒಂದು ಕರಿ ಹಲಗೆ, ಮೇಲೆ "ಇಂದು ನಗದು, ನಾಳೆ ಉದ್ರಿ". ಬೋರ್ಡುಗಳನ್ನೆಲ್ಲ ಕೈಯಲ್ಲೇ ಬರೆದದ್ದು. ಅಕ್ಷರವನ್ನು ಪ್ರಿಂಟ್ ತೆಗೆದು, ಕಾರ್ಬನ್ ಇಟ್ಟು ಗೆರೆ ಮೂಡಿಸಿಕೊಂಡು, ತೆಳು ಬ್ರಷ್ಷಿನಿಂದ ತುಂಬೋದು. ಪ್ರಿಂಟನ್ನೇ ಅಂಟಿಸಿದರೆ ಕೆಲಸ ಸುಲಭ. ಆದರೆ ಪೇಂಟರು ಬರೆದ ಹಳೇ ಬೋರ್ಡಿನ ಅಕ್ಷರಕ್ಕೆ ಒಂದು ನೆರಳಿನ ಗೆರೆ, ಒಂದು ಕೈ ನಡುಕ ಇರುತ್ತೆ. ಪ್ರಿಂಟಿಗೆ ಅದು ಬರಲ್ಲ.

ತಟ್ಟೆ ಇಡ್ಲಿಗೆ ಕಾರ್ನ್‌ಫ್ಲೋರ್ ಮತ್ತು ಫೆವಿಕಾಲ್ ಸಮ ಸಮ, ಎರಡು ಹನಿ ಎಣ್ಣೆ, ಸಣ್ಣ ಉರಿಯಲ್ಲಿ ತಿರುವಿದರೆ ಮುದ್ದೆ ಆಗುತ್ತೆ. ಅದಕ್ಕೆ ಚಿರೋಟಿ ರವೆ ಸೇರಿಸಿದೆ, ಮೇಲ್ಮೈ ತರಿ ತರಿಯಾಗಿ ಬರಲಿ ಅಂತ. ಒಣಗುವಾಗ ಕುಗ್ಗುತ್ತೆ, ಹಾಗಾಗಿ ಒಂದು ಇಂಚಿನ ಇಡ್ಲಿ ಬೇಕಾದರೆ ಒಂದೂ ಕಾಲು ಇಂಚು ತಟ್ಟಿ. ಸೋಡಾ ಬಾಟಲಿ ಮುಚ್ಚಳವನ್ನು ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಿದರೆ ಸ್ಟೀಲ್ ತಟ್ಟೆ. ಬಾಗಿಲಿಗೆ ಮಾವಿನ ತೋರಣ ಬೇಕಾದರೆ ಕರಿಬೇವಿನ ಎಲೆ. ಅಳತೆ, ಆಕಾರ, ನಡುವಿನ ನರ ಎಲ್ಲ ಸರಿಯಾಗಿ ಕೂರುತ್ತೆ. ಬಾಡುವುದರೊಳಗೆ ಫೋಟೋ ಮುಗಿಸಬೇಕು ಅಷ್ಟೇ.

ನೆಲ, ಮೋರಿ, ತಂತಿ

ರಸ್ತೆಗೆ ಎಂ-ಸ್ಯಾಂಡ್. ರವೆ ಜರಡಿ ಹಿಡಿದು ಒಂದೆರಡು ಎಂಎಂ ಕಾಳು ಮಾತ್ರ ಆರಿಸಿಕೊಂಡೆ. ಡಾಂಬರಿನ ಜಲ್ಲಿ ಆರು ಪಟ್ಟು ಕಿರಿದಾದರೆ ಅಷ್ಟೇ ಆಗೋದು. ಫೆವಿಕಾಲ್ ನೀರಿನ ಮೇಲೆ ಉದುರಿಸಿ, ಒಣಗಿದ ಮೇಲೆ ಬೂದು ಬಣ್ಣ. ಕಪ್ಪಲ್ಲ, ಬೂದು. ಬಿಸಿಲಲ್ಲಿ ಹಳೇ ಡಾಂಬರು ಎಲ್ಲೂ ಕಪ್ಪಾಗಿ ಕಾಣಲ್ಲ. ಅಂಚಿಗೆ ಮನೆ ಮುಂದಿನ ಕೆಮ್ಮಣ್ಣನ್ನೇ ಮಲ್ ಬಟ್ಟೆಯಲ್ಲಿ ಸೋಸಿ ಹಾಕಿದೆ. ಮಣ್ಣಿನ ಬಣ್ಣಕ್ಕೆ ಅಳತೆ ಇಲ್ಲ, ಕಾಳಿಗೆ ಇದೆ.

ಮೋರಿ ಇಲ್ಲದ ಪೇಟೆ ಇಲ್ಲ. ಜಗಲಿ ಪಕ್ಕಕ್ಕೆ ಒಂದೂವರೆ ಇಂಚು ಅಗಲದ ಸಂದು ಬಿಟ್ಟು, ಮೇಲೆ ಅಲ್ಲಲ್ಲಿ ಚಪ್ಪಡಿ ಮುಚ್ಚಿದೆ. ಚಪ್ಪಡಿ ಅಂದರೆ ಮೊಟ್ಟೆ ಟ್ರೇಯ ರಟ್ಟು, ಮೇಲೆ ಪುಟ್ಟಿ. ಆ ರಟ್ಟಿನ ಒರಟುತನವೇ ಕಲ್ಲಿನ ಮೈ. ನೀರಿಗೆ ಎಪಾಕ್ಸಿ ರೆಸಿನ್, ಅದಕ್ಕೆ ಒಂದು ಚಿಟಿಕೆ ಕಪ್ಪು. ನಿಜವಾದ ನೀರು ಹಾಕಿದರೆ ಅಂಚಿನಲ್ಲಿ ಉಬ್ಬಿ ನಿಲ್ಲುತ್ತೆ. ಹನಿ ಯಾವತ್ತೂ ಹನಿಯಷ್ಟೇ ದೊಡ್ಡದು, ಅದನ್ನು ಆರು ಪಟ್ಟು ಇಳಿಸೋಕಾಗಲ್ಲ.

ಕರೆಂಟ್ ತಂತಿಗೆ ದಾರ ಕಟ್ಟಿದರೆ ಅದು ಸರಿಯಾಗಿ ಜೋಲಲ್ಲ, ತೂಕ ಸಾಲದು. ನಮ್ಮ ಜಿಲ್ಲೆಯಲ್ಲಿ ಬೋರ್‌ವೆಲ್ ಮೋಟಾರ್ ವೈಂಡಿಂಗ್ ಅಂಗಡಿಗಳಿಗೆ ಕೊರತೆ ಇಲ್ಲ. ಸುಟ್ಟ ಮೋಟಾರಿನಿಂದ ಬಿಚ್ಚಿದ ತಾಮ್ರದ ತಂತಿ ತೂಕಕ್ಕೆ ಕೊಡುತ್ತಾರೆ. ಕೈಯಲ್ಲಿ ಹೇಗೆ ಬಗ್ಗಿಸಿದರೆ ಹಾಗೆ ನಿಲ್ಲುತ್ತೆ. ನಿಜದ ಕಂಬವನ್ನು ನಮ್ಮ ಅಳತೆಗೆ ಇಳಿಸಿದರೆ ನಾಲ್ಕೂವರೆ ಅಡಿ ಆಗಬೇಕು. ಫೋಟೋದ ಚೌಕಟ್ಟಿನೊಳಗೆ ಅಷ್ಟು ಕಾಣಲ್ಲ, ಎರಡೂವರೆ ಅಡಿಗೆ ನಿಲ್ಲಿಸಿದೆ.

ಬಿಸಿಲು

ಬೆಳಕಿಗೆ ಸೂರ್ಯನಿಗಿಂತ ಒಳ್ಳೆಯ ದೀಪ ಇಲ್ಲ. ಇದು ಭಕ್ತಿಯ ಮಾತಲ್ಲ, ಲೆಕ್ಕ. ಮೇಜಿನ ದೀಪವನ್ನು ಒಂದು ಮೀಟರ್ ದೂರ ಇಟ್ಟರೆ, ಎರಡು ಮೀಟರ್ ದೂರದ ಅಂಗಡಿಗೆ ಅದರ ಕಾಲು ಭಾಗ ಬೆಳಕು ಬೀಳುತ್ತೆ. ಬೀದಿಯ ಒಂದು ತುದಿ ಹಗಲು, ಇನ್ನೊಂದು ಸಂಜೆ. ಸೂರ್ಯನಿಗೆ ಆ ಸಮಸ್ಯೆ ಇಲ್ಲ. ಇನ್ನೊಂದು ವಿಷಯ ನೆರಳಿನ ಅಂಚು. ಸೂರ್ಯ ಆಕಾಶದಲ್ಲಿ ಅರ್ಧ ಡಿಗ್ರಿ ಅಗಲ ಕಾಣುತ್ತಾನೆ. ಹಾಗಾಗಿ ನೆರಳಿನ ಅಂಚು, ಸೂರು ಗೋಡೆಯಿಂದ ಎಷ್ಟು ದೂರ ಇದೆಯೋ ಅದಕ್ಕೆ ತಕ್ಕಷ್ಟು ಮಸುಕಾಗುತ್ತೆ. ಸೂರು ಆರು ಪಟ್ಟು ಹತ್ತಿರ ಬಂದರೆ ಮಸುಕೂ ಆರು ಪಟ್ಟು ಕಡಿಮೆ. ಬೀದಿಯಲ್ಲಿ ಅಳತೆಗೆ ಇಳಿಸದೆಯೇ ಅಳತೆಗೆ ಬಂದ ವಸ್ತು ಇದೊಂದೇ.

ಬೆಳಿಗ್ಗೆ ಎಂಟರಿಂದ ಒಂಬತ್ತೂವರೆ ಒಳ್ಳೇ ಸಮಯ. ಏಪ್ರಿಲ್ ಕೊನೆಯಲ್ಲಿ, ಆಗಸ್ಟ್ ನಡುವಿನಲ್ಲಿ ತುಮಕೂರಿನ ಮಧ್ಯಾಹ್ನದ ಸೂರ್ಯ ನೆತ್ತಿಗೆ ನೆಟ್ಟಗೆ ಬರುತ್ತಾನೆ. ಆಗ ಗೊಂಬೆಯ ಮುಖಕ್ಕೆ ಅದರ ಕೂದಲ ನೆರಳೇ ಬೀಳುತ್ತೆ. ಪೇಟೆಯನ್ನು ಬೇಕಾದ ದಿಕ್ಕಿಗೆ ತಿರುಗಿಸಬಹುದು ಅನ್ನೋದು ಇಲ್ಲಿನ ದೊಡ್ಡ ಅನುಕೂಲ. ಗಾಳಿ ಮಾತ್ರ ನಮ್ಮ ಮಾತು ಕೇಳಲ್ಲ. ಆಷಾಢದಲ್ಲಿ ಪ್ರತಿ ಕಟ್ಟಡದ ಹಿಂದೆ ಎರಡೆರಡು ಇಟ್ಟಿಗೆ ಇಡಬೇಕು.

ಮನುಷ್ಯರನ್ನು ಮೂರು ಮೀಟರಿನಿಂದ ತೆಗೆಯುತ್ತೇವೆ ಅಂದರೆ ಗೊಂಬೆಯನ್ನು ಅರ್ಧ ಮೀಟರಿನಿಂದ ತೆಗೆಯಬೇಕು. ಅಷ್ಟು ಹತ್ತಿರದಲ್ಲಿ ಎಪಿಎಸ್-ಸಿ (ಮಧ್ಯಮ ಗಾತ್ರದ ಸೆನ್ಸರಿನ) ಕ್ಯಾಮೆರಾಗೆ 50 ಎಂಎಂ ಲೆನ್ಸ್ ಹಾಕಿ, ಲೆನ್ಸಿನ ಕಿಂಡಿ ಅಗಲ ತೆರೆದು ಎಫ್ 2.8ರಲ್ಲಿ ತೆಗೆದರೆ ಸ್ಪಷ್ಟವಾಗಿ ಬರೋದು ಸುಮಾರು 1 ಸೆಂ.ಮೀ. ಆಳ. ಮೂಗು ಸ್ಪಷ್ಟ, ಕಿವಿ ಮಸುಕು. ಇಡೀ ಬೀದಿ ಬರೀ ಬಣ್ಣದ ಮೋಡ. ಇಷ್ಟು ಕಷ್ಟಪಟ್ಟು ಬರೆದ ಬೋರ್ಡು ಓದೋಕಾದರೂ ಆಗಬೇಡವೇ? ಕಿಂಡಿ ಕಿರಿದು ಮಾಡಿ ಎಫ್ 11ಕ್ಕೆ ಹೋದರೆ 4 ಸೆಂ.ಮೀ. ಹತ್ತಿರ ಸಿಗುತ್ತೆ. ಲೆನ್ಸನ್ನೇ 24 ಎಂಎಂಗೆ ಬದಲಾಯಿಸಿದರೆ ಅದೇ ಎಫ್ 11ರಲ್ಲಿ 17 ಸೆಂ.ಮೀ. ಮಸುಕು ಹಿನ್ನೆಲೆ ಚೆಂದ ಅಂತ ತುಂಬಾ ಜನ ಹೇಳುತ್ತಾರೆ. ಗೊಂಬೆ ಫೋಟೋದಲ್ಲಿ ಅದು ಮೋಸವನ್ನು ಬಯಲು ಮಾಡುವ ಗುರುತು. ಫೋನಿನ ಸೆನ್ಸರ್ ಚಿಕ್ಕದು, ಅದರಲ್ಲಿ ಆಳ ತಾನಾಗೇ ಜಾಸ್ತಿ ಬರುತ್ತೆ. ಈ ಒಂದು ಕೆಲಸಕ್ಕೆ ಫೋನೇ ವಾಸಿ ಅನ್ನಿಸಿದ್ದೂ ಇದೆ. ಟ್ರೈಪಾಡ್ ಅಷ್ಟು ಕೆಳಗೆ ಇಳಿಯಲ್ಲ. ರಾಗಿ ತುಂಬಿದ ಬಟ್ಟೆ ಚೀಲದ ಮೇಲೆ ಕ್ಯಾಮೆರಾ ಕೂರಿಸಿ ಒತ್ತಿದರೆ ಅಲುಗಾಡಲ್ಲ.

ಮಡಚಿ ಇಡುವಾಗ ಪ್ರತಿ ತುಂಡಿನ ತಳಕ್ಕೆ ನಂಬರ್ ಬರೆಯಿರಿ. ಗೋಡೆಗಳ ನಡುವೆ ಹಳೇ ಬೆಡ್‌ಶೀಟ್. ನುಸಿ ಗುಳಿಗೆ ಮಾತ್ರ ಹಾಕಬೇಡಿ, ಅದರ ಆವಿಗೆ ಥರ್ಮಾಕೋಲೂ ಕೆಲವು ಪ್ಲಾಸ್ಟಿಕ್ಕೂ ಮೆತ್ತಗಾಗಿ ಅಂಟಿಕೊಳ್ಳುತ್ತವೆ. ರೇಷ್ಮೆ ಸೀರೆಗೆ ಇಡುವ ಬಜೆ ಬೇರು, ಒಣ ಬೇವಿನ ಎಲೆ ಸಾಕು. ಇಡ್ಲಿಗಳಿಗೆ ವಾರ್ನಿಷ್ ಬಳಿದು ಮುಚ್ಚಳ ಬಿಗಿಯಾದ ಡಬ್ಬಿಗೆ ಹಾಕಿ. ಒಳಗಿರೋದು ಕಾರ್ನ್‌ಫ್ಲೋರು, ರವೆ. ಜಿರಳೆಗೆ ಅದು ತಿಂಡಿಯೇ.